ಗೆಳೆತನದ ಗುತ್ತಿಗೆ

1876ನೆಯ ಇಸವಿಯಲ್ಲಿ ಇಂಗ್ಲೆಂಡಿನ ಹರ್ಟ್‌ಫರ್ಡ್‌ಷೈರಿನ ಫ್ರೆಡರಿಕ್ ರೈನರ್ ಎಂಬ ಮುದ್ರಣಕಾರ ಅಲ್ಲಿನ ಚರ್ಚಿನ ಪಾನನಿರೋಧ ಸಂಘಕ್ಕೆ ಒಂದು ಕಾಗದ ಬರೆದು, ಅದರೊಡನೆ ಐದು ಶಿಲಿಂಗು ಕಳುಹಿಸಿದ. ಕುಡಿತದ ದೆಸೆಯಿಂದ ಪೊಲೀಸ್ ಕೋರ್ಟಿನ ಮೆಟ್ಟಲು ಹತ್ತಿದವರು ದಂಡವನ್ನೋ ಸೆರೆವಾಸವನ್ನೋ ಅನುಭವಿಸಿ ಹೊರಬಂದು, ಮತ್ತೆ ಕುಡಿದು, ಮತ್ತೆ ಅದೇ ಕಟಕಟೆಯಲ್ಲಿ ನಿಲ್ಲುತ್ತಿದ್ದರು. ಅವರ ಕೈಹಿಡಿದು ನಡೆಸುವವರು ಯಾರೂ ಇಲ್ಲವಲ್ಲ ಎಂಬುದು ಅವನ ಕೊರಗು. ಸಂಘ ಆ ಹಣವನ್ನು ಲೆಕ್ಕದ ಪುಸ್ತಕದಲ್ಲಿ ಜಮಾ ಮಾಡಿ ಸುಮ್ಮನಾಗಲಿಲ್ಲ. ಅದೇ ವರ್ಷ ಜಾರ್ಜ್ ನೆಲ್ಸನ್ ಎಂಬ ಮಾಜಿ ಸಿಪಾಯಿಯನ್ನು ಲಂಡನ್ನಿನ ಸದರ್ಕ್ ಕೋರ್ಟಿಗೆ ಕಳುಹಿಸಿತು. ಅವನು ಪೊಲೀಸನಲ್ಲ, ವಕೀಲನಲ್ಲ. ತಪ್ಪಿತಸ್ಥರೊಡನೆ ನಾಲ್ಕು ಮಾತನಾಡಲು ಬಂದವನು.

ನಾಲ್ಕು ವರ್ಷ ಕಳೆಯುವುದರೊಳಗೆ ಇಂಥವರು ಎಂಟು ಮಂದಿಯಾದರು. ನ್ಯಾಯಾಧೀಶರಿಗೂ ಇವರಲ್ಲಿ ನಂಬುಗೆ ಹುಟ್ಟಿತು. 1907ರಲ್ಲಿ ಪಾರ್ಲಿಮೆಂಟು ಪ್ರೊಬೇಷನ್ ಶಾಸನವನ್ನು ಮಾಡಿತು. ಅಪರಾಧಿಯನ್ನು ಜೈಲಿಗೆ ನೂಕದೆ, ಒಬ್ಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಊರಿನಲ್ಲಿಯೇ ಇರಗೊಟ್ಟು ತಿದ್ದುವ ಏರ್ಪಾಡು ಇದು. ಆ ಅಧಿಕಾರಿಯ ಕರ್ತವ್ಯವನ್ನು ಶಾಸನ ಮೂರು ಕ್ರಿಯಾಪದಗಳಲ್ಲಿ ಹೇಳಿತು: ಬುದ್ಧಿ ಹೇಳುವುದು, ನೆರವಾಗುವುದು, ಗೆಳೆಯನಾಗುವುದು. ಅಗತ್ಯ ಬಿದ್ದರೆ ಕೆಲಸ ಹುಡುಕಿಕೊಡಲು ಪ್ರಯತ್ನಿಸುವುದೂ ಅವನ ಪಾಲಿಗೆ ಬಂತು. ಸರಕಾರಿ ನೌಕರನೊಬ್ಬನಿಗೆ ಗೆಳೆಯನಾಗು ಎಂದು ಆಜ್ಞಾಪಿಸಿದ ಶಾಸನಗಳು ಪ್ರಪಂಚದಲ್ಲಿ ಹೆಚ್ಚು ಇರಲಾರವು.

ಇಂಥ ಗೆಳೆತನಕ್ಕೆ ಬೇಕಾದುದು ಮುಖ್ಯವಾಗಿ ಕಾಲ. ಎದುರಿಗೆ ಕುಳಿತವನು ಮೊದಲ ದಿನ ಸುಳ್ಳು ಹೇಳುತ್ತಾನೆ. ಎರಡನೆಯ ದಿನ ಮೌನವಾಗಿರುತ್ತಾನೆ. ಎಷ್ಟೋ ವಾರಗಳ ಮೇಲೆ ಮನೆಯಲ್ಲಿ ಏನು ನಡೆಯುತ್ತಿದೆ ಎಂಬುದು ಬಾಯಿಗೆ ಬರುತ್ತದೆ. ಅದನ್ನು ಕೇಳಿಸಿಕೊಳ್ಳಲು ಅಂದು ಆ ಕುರ್ಚಿಯಲ್ಲಿ ಹಿಂದೆ ಇದ್ದ ಅದೇ ಮನುಷ್ಯ ಇರಬೇಕು.

ಒಂದು ಶತಮಾನಕ್ಕೂ ಮಿಕ್ಕಿ ಬೆಳೆದು ಬಂದ ಈ ವ್ಯವಸ್ಥೆಗೆ 2013ರಲ್ಲಿ ಹೊಸ ಗಾಳಿ ಬೀಸಿತು. ಆಗಿನ ನ್ಯಾಯಮಂತ್ರಿ ಕ್ರಿಸ್ ಗ್ರೇಲಿಂಗ್ ಅವರು ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಪ್ರೊಬೇಷನ್ ಕಾರ್ಯದ ಬಹುಭಾಗವನ್ನು ಗುತ್ತಿಗೆಗೆ ಕೊಡುವ ಯೋಜನೆಯನ್ನು ಮುಂದಿಟ್ಟರು. ಅವರ ವಾದದಲ್ಲಿ ಹುರುಳೇ ಇರಲಿಲ್ಲ ಎನ್ನುವಂತಿಲ್ಲ. ಒಂದು ವರ್ಷಕ್ಕಿಂತ ಕಡಮೆ ಶಿಕ್ಷೆ ಅನುಭವಿಸಿ ಹೊರಬಂದವರನ್ನು ಅದುವರೆಗೆ ಕೇಳುವವರೇ ಇರಲಿಲ್ಲ; ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ವರ್ಷದೊಳಗೆ ಮತ್ತೆ ತಪ್ಪು ಮಾಡುತ್ತಿದ್ದರು. ಅವರನ್ನೂ ಮೇಲ್ವಿಚಾರಣೆಗೆ ತರಬೇಕು, ಆದರೆ ಖರ್ಚು ಹೆಚ್ಚಬಾರದು. ಫಲ ತೋರಿಸಿದವರಿಗೆ ಅದಕ್ಕೆ ತಕ್ಕ ಹಣ ಕೊಟ್ಟರೆ ಎಲ್ಲವೂ ಸರಿಹೋಗುತ್ತದೆ ಎಂಬುದು ಲೆಕ್ಕಾಚಾರ.

ಪ್ರೊಬೇಷನ್ ಅಧಿಕಾರಿಗಳ ಸಂಘ 1912ರಷ್ಟು ಹಳೆಯದು. ಅದರ ಸದಸ್ಯರು 2013ರ ನವೆಂಬರಿನಲ್ಲಿ ಕೆಲಸ ನಿಲ್ಲಿಸಿ ಪ್ರತಿಭಟಿಸಿದರು. ಫಲವಾಗಲಿಲ್ಲ. 2014ರ ಜೂನ್ ಒಂದರಂದು 35 ಟ್ರಸ್ಟುಗಳು ಮಾಯವಾದುವು. ಹೆಚ್ಚು ಅಪಾಯಕಾರಿಗಳೆಂದು ಕಂಡವರನ್ನು ಸರಕಾರ ತನ್ನಲ್ಲಿ ಇಟ್ಟುಕೊಂಡಿತು. ಉಳಿದವರನ್ನು 21 ಕಂಪನಿಗಳಿಗೆ ಒಪ್ಪಿಸಿತು. ಮರುವರ್ಷ ಆ ಕಂಪನಿಗಳು ಬಹುಮಟ್ಟಿಗೆ ಖಾಸಗಿ ಒಡೆತನಕ್ಕೆ ಹೋದುವು. ಒಂದೇ ಕಚೇರಿಯಲ್ಲಿ ವರ್ಷಗಟ್ಟಲೆ ಜೊತೆಗೆ ದುಡಿದವರಲ್ಲಿ ಕೆಲವರು ಈ ಕಡೆ, ಕೆಲವರು ಆ ಕಡೆ ಹಂಚಿಹೋದರು. ಮನೆ ಪಾಲಾದಾಗ ಅಣ್ಣತಮ್ಮಂದಿರ ನಡುವೆ ಗೋಡೆ ಎದ್ದಂತಾಯಿತು.

ಮುಂದೆ ನಡೆದುದನ್ನು ಕಾಸಿಗೆ ತಕ್ಕ ಕಜ್ಜಾಯ ಎನ್ನಬೇಕು. ನ್ಯಾಯಾಲಯಗಳಿಂದ ಕಂಪನಿಗಳಿಗೆ ಬಂದ ಕೆಲಸ ನಿರೀಕ್ಷೆಗಿಂತ ಬಹಳ ಕಡಮೆಯಾಯಿತು. ಅದಕ್ಕೆ ಸರಿಯಾಗಿ ವರಮಾನವೂ ಇಳಿಯಿತು. ಕಟ್ಟಡದ ಬಾಡಿಗೆ ಇಳಿಯಲಿಲ್ಲ. ಆದುದರಿಂದ ಕತ್ತರಿ ಜನರ ಮೇಲೆ ಬಿತ್ತು. ಪ್ರೊಬೇಷನ್ ಇಲಾಖೆಯ ಮುಖ್ಯ ತನಿಖಾಧಿಕಾರಿಣಿ ಗ್ಲೆನಿಸ್ ಸ್ಟೇಸಿ ಅವರು 2017ರಲ್ಲಿ ಕಂಡುದು ಇದು: ಕೆಲವೆಡೆ ಕಿರಿಯ ಅಧಿಕಾರಿಯೊಬ್ಬರ ಪಾಲಿಗೆ 200ಕ್ಕೂ ಮಿಕ್ಕಿದ ಪ್ರಕರಣಗಳು, ಕೆಲವು ಕಂಪನಿಗಳಲ್ಲಿ ನೂರಕ್ಕೆ 40ರವರೆಗೂ ಜನರೊಡನೆ ಇದ್ದ ಸಂಬಂಧವೆಂದರೆ ಆರು ವಾರಕ್ಕೊಮ್ಮೆ ಮಾಡುವ ಒಂದು ಟೆಲಿಫೋನ್ ಕರೆ. ರೈನರನ ಐದು ಶಿಲಿಂಗು ಎದುರಾಬದುರು ಕೂರಿಸಿದ್ದ ಇಬ್ಬರನ್ನು ಗುತ್ತಿಗೆಯ ಕರಾರು ತಂತಿಯ ಎರಡು ತುದಿಗಳಿಗೆ ಕಳುಹಿಸಿತು.

ಇದಕ್ಕಿಂತಲೂ ಮನಸ್ಸನ್ನು ಕಲಕುವ ಸಂಗತಿ 2019ರ ಫೆಬ್ರವರಿಯಲ್ಲಿ ಹೊರಬಿತ್ತು. ಡಾರ್ಸೆಟ್, ಡೆವನ್, ಕಾರ್ನ್‌ವಾಲ್ ಪ್ರದೇಶದ ಕಂಪನಿಯನ್ನು ತನಿಖೆದಾರರು ಪರೀಕ್ಷಿಸಿದಾಗ, ಯಾರನ್ನು ಎಷ್ಟು ಎಚ್ಚರದಿಂದ ನೋಡಿಕೊಳ್ಳಬೇಕೆಂಬುದನ್ನು ಸೂಚಿಸುವ ಕೆಂಪು, ಹಳದಿ, ಹಸಿರು ಗುರುತುಗಳನ್ನು ಆ ವ್ಯಕ್ತಿಯ ಸ್ಥಿತಿ ನೋಡಿ ಹಾಕುವ ಬದಲು, ಕಚೇರಿಯಲ್ಲಿ ಇರುವ ಸಿಬ್ಬಂದಿಗೆ ಎಷ್ಟು ಸಾಧ್ಯ ಎಂಬುದನ್ನು ನೋಡಿ ಹಾಕಿದ್ದುದು ಕಂಡುಬಂತು. ಗಡುವು ಮುಟ್ಟಬೇಕೆಂಬ ಒತ್ತಡಕ್ಕೆ, ಅಪರಾಧಿಯ ಮುಖವನ್ನೇ ನೋಡದೆ ಅವನ ಶಿಕ್ಷಾಕಾಲದ ಯೋಜನೆಯನ್ನು ಬರೆದು ಮುಗಿಸಿದ್ದೂ ಉಂಟು. ಹಾಗೆ ಬರೆದವರೆಲ್ಲ ಕೆಟ್ಟವರಾಗಿದ್ದರೆ ವಿಷಯ ಸುಲಭವಾಗುತ್ತಿತ್ತು. ಸೇವಾಬುದ್ಧಿಯಿಂದ ಈ ವೃತ್ತಿಗೆ ಬಂದವರೇ ಆ ಕಾಗದಗಳಿಗೆ ರುಜು ಹಾಕುವಂತಾಯಿತು. ಮೈ ದಣಿದರೆ ನಿದ್ರೆಯಿಂದ ಹೋಗುತ್ತದೆ. ತನ್ನ ಕೈಯಿಂದಲೇ ತನ್ನ ವೃತ್ತಿಧರ್ಮಕ್ಕೆ ತಪ್ಪಿದೆನೆಂಬ ದಣಿವು ಹಾಗೆ ಹೋಗುವುದಿಲ್ಲ.

ಆ ಕಂಪನಿಯನ್ನೂ ಇನ್ನೆರಡನ್ನೂ ನಡೆಸುತ್ತಿದ್ದ ವರ್ಕಿಂಗ್ ಲಿಂಕ್ಸ್ ಸಂಸ್ಥೆ ಅದೇ ತಿಂಗಳು ದಿವಾಳಿಯ ಸ್ಥಿತಿಗೆ ಬಂತು. ಮಾರ್ಚಿನಲ್ಲಿ ರಾಷ್ಟ್ರದ ಲೆಕ್ಕಪರಿಶೋಧನಾ ಕಚೇರಿ ತನ್ನ ವರದಿಯಿತ್ತಿತು. 2011ರಿಂದ 2017ರವರೆಗೆ ಮತ್ತೆ ತಪ್ಪು ಮಾಡಿದವರ ಪ್ರಮಾಣ ನೂರಕ್ಕೆ ಎರಡೂವರೆಯಷ್ಟು ಇಳಿದಿತ್ತು, ನಿಜ. ಆದರೆ ಹಾಗೆ ತಪ್ಪಿದವರು ತಲಾ ಎಸಗಿದ ಅಪರಾಧಗಳ ಸಂಖ್ಯೆ ನೂರಕ್ಕೆ 22ರಷ್ಟು ಏರಿತ್ತು. ಈ ಏರ್ಪಾಡು ತಿದ್ದಲಾಗದಷ್ಟು ದೋಷಯುಕ್ತವಾದುದೆಂದು ಸ್ಟೇಸಿ ಅವರು ನಿರ್ಣಯ ಕೊಟ್ಟರು. ಕೊನೆಗೆ 2021ರ ಜೂನಿನಲ್ಲಿ ಎಲ್ಲವೂ ಮರಳಿ ಸರಕಾರದ ಕೈಸೇರಿತು.

ಮರಳಿದೊಡನೆ ಎಲ್ಲವೂ ಹಸನಾಯಿತೆಂದು ವಾಚಕರು ತಿಳಿಯಬಾರದು. ಬಿಟ್ಟುಹೋದ ಅನುಭವಿಗಳು ಸರಕಾರಿ ಆದೇಶದಿಂದ ಹಿಂದಿರುಗುವುದಿಲ್ಲ. ಸಿಬ್ಬಂದಿಯ ಕೊರತೆ, ಹೊರಲಾರದ ಕೆಲಸದ ಹೊರೆ ಆಮೇಲಿನ ತನಿಖಾ ವರದಿಗಳಲ್ಲಿಯೂ ಕಾಣುತ್ತವೆ. ಒಂದು ವೃತ್ತಿಯನ್ನು ಒಡೆಯಲು ಒಂದು ದಿನ ಸಾಕು. ಕೂಡಿಸಲು ಒಂದು ತಲೆಮಾರು ಬೇಕು.

ಈ ಕಥೆ ನಮಗೆ ತೀರ ದೂರದ್ದಲ್ಲ. ನಮ್ಮ ದೇಶದಲ್ಲಿಯೂ 1958ರಲ್ಲಿ ಪ್ರೊಬೇಷನ್ ಶಾಸನವಾಯಿತು. ಅಪರಾಧಿಗೆ ಸಲಹೆ ನೀಡಬೇಕು, ನೆರವಾಗಬೇಕು, ಕೆಲಸ ಹುಡುಕಿಕೊಡಲು ಯತ್ನಿಸಬೇಕು ಎಂಬ ಮಾತು ಅದರಲ್ಲಿಯೂ ಉಂಟು. ಸರಕಾರದ ಮನ್ನಣೆ ಪಡೆದ ಸಂಘವೊಂದು ಒದಗಿಸಿದ ವ್ಯಕ್ತಿಯೂ ಈ ಅಧಿಕಾರಿಯಾಗಬಹುದೆಂದು ಆ ಶಾಸನ ಒಪ್ಪುತ್ತದೆ. ಅದರಲ್ಲಿ ತಪ್ಪಿಲ್ಲ, ಇಂಗ್ಲೆಂಡಿನಲ್ಲಿ ಈ ಕೆಲಸವನ್ನು ಮೊದಲು ಮಾಡಿದುದೂ ಒಂದು ಸಂಘವೇ, ಸರಕಾರವಲ್ಲ. ಆ ಸಂಘ ನೆಲ್ಸನನನ್ನು ಕೋರ್ಟಿಗೆ ಕಳುಹಿಸಿದಾಗ ಅವನು ದಿನಕ್ಕೆ ಎಷ್ಟು ಮಂದಿಯನ್ನು ಮುಗಿಸಿದನೆಂದು ಲೆಕ್ಕ ಕೇಳಿ ಹಣ ಕೊಡುವವರು ಇರಲಿಲ್ಲ. ಕೆಲಸ ಯಾರ ಕೈಯಲ್ಲಿದೆ ಎಂದು ವಿಚಾರಿಸುವಾಗ, ಅದನ್ನು ಮಾಡುವವನಿಗೆ ಎದುರಿಗಿರುವವನ ಮಾತು ಕೇಳುವಷ್ಟು ಪುರಸತ್ತು ಉಳಿದಿದೆಯೇ ಎಂದು ಕೂಡ ನಾವು ವಿಚಾರಿಸಬೇಕು.