ಸಸ್ಯನಾರು ಕಡಿಯುವ ಬ್ಯಾಕ್ಟೀರಿಯಾ ಕಿಣ್ವಗಳು: ಕರ್ನಾಟಕದ ಒಂದು ಅಧ್ಯಾಯ

ಬಾಸೆಲ್ ಮಿಶನ್ 1841ರಲ್ಲಿ ಮಂಗಳೂರಿನ ಬಲ್ಮಠದಲ್ಲಿ ಕಲ್ಲಚ್ಚಿನ ಮುದ್ರಣಾಲಯ ಆರಂಭಿಸಿತು. 1851ರಲ್ಲಿ ಇಲ್ಲಿಗೆ ಬಂದ ಜಾನ್ ಹಾಲರ್ ಮಿಶನ್ನಿನ ನೇಯ್ಗೆಗೆ ಯುರೋಪಿನ ಮಾದರಿಯ ಮಗ್ಗ ತಂದರು. ಮುದ್ರಣದ ಕಾಗದ, ನೇಯ್ಗೆಯ ಬಟ್ಟೆ ಎರಡಕ್ಕೂ ಮೂಲ ಸಸ್ಯನಾರು. ನಾರನ್ನು ಹದಕ್ಕೆ ತರಲು ಅಂದು ಇದ್ದ ದಾರಿಗಳು ಕೊಳೆಸುವುದು, ಕ್ಷಾರದಲ್ಲಿ ಬೇಯಿಸುವುದು. ಕರಾವಳಿಯ ಹಿನ್ನೀರಿನಲ್ಲಿ ತೆಂಗಿನ ಸಿಪ್ಪೆಯನ್ನು ತಿಂಗಳುಗಟ್ಟಲೆ ನೆನೆಹಾಕಿದಾಗ ಬ್ಯಾಕ್ಟೀರಿಯಾಗಳ ಕಿಣ್ವಗಳು ನಾರಿನ ನಡುವಣ ಪೆಕ್ಟಿನ್ ಅಂಟನ್ನು ಕರಗಿಸುತ್ತಿದ್ದವು. ಈ ಕೆಲಸವನ್ನು ಅಣುಮಟ್ಟದಲ್ಲಿ ಅರಿತು ತಿದ್ದುವ ವಿದ್ಯೆ ಬೆಳೆದುಬಂದ ಬಗೆಯಲ್ಲಿ ಕನ್ನಡ ನಾಡಿನ ಪಾಲನ್ನು ಗುರುತಿಸುವುದು ಈ ಲೇಖನದ ಉದ್ದೇಶ.

ಕಾಗದದ ಕಾರ್ಖಾನೆಯಲ್ಲಿ ಮರದ ತಿರುಳನ್ನು ಕ್ಷಾರದಲ್ಲಿ ಬೇಯಿಸಿದ ಮೇಲೂ ಕಂದು ಬಣ್ಣದ ಲಿಗ್ನಿನ್ ಸ್ವಲ್ಪ ಉಳಿಯುತ್ತದೆ. ಝೈಲಾನ್ ಎಂಬ ಸಕ್ಕರೆ ಸರಪಳಿ ಅದನ್ನು ಹಿಡಿದಿಟ್ಟಿರುತ್ತದೆ. ಝೈಲನೇಸ್ ಕಿಣ್ವದಿಂದ ಆ ಸರಪಳಿಯನ್ನು ತುಂಡರಿಸಿದರೆ ಬಿಳುಪಿಗೆ ಬೇಕಾಗುವ ಕ್ಲೋರಿನ್ ಕಡಿಮೆಯಾಗುತ್ತದೆಂದು ಫಿನ್ಲೆಂಡಿನ ಲೀಸಾ ವೀಕಾರಿ ಮತ್ತು ಸಂಗಡಿಗರು 1986ರಲ್ಲಿ ತೋರಿಸಿದರು. ಆದರೆ ತಿರುಳು ಬಿಸಿಯಾಗಿಯೂ ಕ್ಷಾರೀಯವಾಗಿಯೂ ಇರುತ್ತದೆ. ಸಾಮಾನ್ಯ ಕಿಣ್ವಗಳು ಅಲ್ಲಿ ತಾಳುವುದಿಲ್ಲ.

ಕ್ಷಾರಪ್ರಿಯ ಬ್ಯಾಸಿಲಸ್ ಎನ್‌ಜಿ-27 ತಳಿಯ ಝೈಲನೇಸ್ ಗಮನ ಸೆಳೆದದ್ದು ಈ ಕಾರಣಕ್ಕೆ. ತಳಿ ಬೆಳೆಯುವುದು ಸಾಧಾರಣ ಉಷ್ಣತೆಯಲ್ಲಿ. ಅದರ ಕಿಣ್ವ ಮಾತ್ರ ಸುಮಾರು 70 ಡಿಗ್ರಿ ಸೆಲ್ಸಿಯಸ್‌ನಲ್ಲಿ, 8.4 ಪಿಎಚ್‌ನಲ್ಲಿ ಅತ್ಯಂತ ಚುರುಕು. ಇದರ ಜೀನಿನ ವಿವರ 2000ದಲ್ಲಿ ಪ್ರಕಟವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ರಾಮಕುಮಾರ್ ಅವರ ತಂಡ ದೆಹಲಿಯ ವಿ. ಎಸ್. ರೆಡ್ಡಿ ಮೊದಲಾದವರೊಡನೆ ಸೇರಿ 2006ರಲ್ಲಿ ಇದರ ಹರಳು ರಚನೆಯನ್ನು ಪ್ರಕಟಿಸಿತು. ಎಂಟು ಪಟ್ಟಿಗಳು ಸುತ್ತುಗಟ್ಟಿದ ಪೀಪಾಯಿಯಂಥ ಆಕಾರ. ಅದರ ಸೀಳಿನಲ್ಲಿ ಎದುರುಬದುರಾಗಿ ಎರಡು ಗ್ಲುಟಾಮಿಕ್ ಆಮ್ಲಗಳು. ಝೈಲಾನ್ ಸರಪಳಿ ಕಡಿಯುವುದು ಅವುಗಳ ನಡುವೆಯೇ.

ರಚನೆ ತಿಳಿದ ಬಳಿಕ ತಿದ್ದುವಿಕೆಗೆ ದಾರಿ ತೆರೆಯಿತು. ಕಿಣ್ವದ ಪ್ರೋಟೀನ್ ಸರಪಳಿಯ ಮೊದಲನೆಯ ಅಮೈನೊ ಆಮ್ಲ ವ್ಯಾಲೀನ್. ಅದರ ಜಾಗದಲ್ಲಿ ಲ್ಯೂಸೀನ್ ಇಟ್ಟಾಗ ಕಿಣ್ವದ ತಾಳಿಕೆ 70ರಿಂದ 75 ಡಿಗ್ರಿಗೆ ಏರಿತು, ಚುರುಕುತನ ಕುಂದಲಿಲ್ಲ. ಅಲನೀನ್ ಇಟ್ಟಾಗ 68ಕ್ಕೆ ಇಳಿಯಿತು. 2015ರಲ್ಲಿ ಪ್ರಕಟವಾದ ಈ ಫಲಿತಾಂಶದ ಮಹತ್ವ ದೊಡ್ಡದು. ಕಿಣ್ವದ ತೀರ ತುದಿಯ, ಯಾವ ಸುರುಳಿಗೂ ಪಟ್ಟಿಗೂ ಸೇರದ ಒಂದೇ ಘಟಕವನ್ನು ಬದಲಿಸಿದರೂ ಇಡೀ ಅಣುವಿನ ಸ್ಥಿರತೆ ಬದಲಾಗುತ್ತದೆಂದು ಅದು ತೋರಿಸಿತು. ಮೊದಲು ರಚನೆ, ಆಮೇಲೆ ತಿದ್ದುಪಡಿ ಎಂಬ ಕ್ರಮದ ಬೆಲೆಯೂ ಇಲ್ಲಿ ಸ್ಪಷ್ಟ.

ಈ ಕ್ರಮ ಕರಾವಳಿಯ ಬೆಳೆಗಳತ್ತ ತಿರುಗಬೇಕಿದೆ. ಝೈಲಾನ್ ಸೇರಿದ ಹೆಮಿಸೆಲ್ಯುಲೋಸ್ ಅಡಿಕೆ ಸಿಪ್ಪೆಯಲ್ಲಿ ಹೇರಳ. ದಕ್ಷಿಣ ಕನ್ನಡದ ತೋಟಗಳಲ್ಲಿ ಸಿಪ್ಪೆಯ ರಾಶಿ ಬಿದ್ದೇ ಇರುತ್ತದೆ; ಅದನ್ನು ಕೊಳೆಸುವ ಬ್ಯಾಕ್ಟೀರಿಯಾಗಳೂ ಅದರಲ್ಲೇ ಇವೆ. ಮಂಗಳೂರಿನ ಕಾಲೇಜುಗಳ ಸೂಕ್ಷ್ಮಜೀವಿಶಾಸ್ತ್ರ ವಿಭಾಗಗಳು ಆ ತಳಿಗಳನ್ನು ಬೇರ್ಪಡಿಸಿ, ಕಿಣ್ವಗಳ ಗುಣ ದಾಖಲಿಸಿ, ಬೆಂಗಳೂರಿನ ರಚನಾಶಾಸ್ತ್ರಜ್ಞರ ಕೈಗೆ ಒಪ್ಪಿಸುವ ಕೆಲಸ ಆರಂಭಿಸಲಿ.