ಅಂಗಾಂಶದ ಠೇವಣಿ: ಕ್ಯಾನ್ಸರ್ ಸಂಶೋಧನೆಯೂ ಆಸ್ಪತ್ರೆಯ ಭಂಡಾರಗಳೂ

ಬ್ಯಾಂಕು ಎಂದೊಡನೆ ಹಣ, ಠೇವಣಿ, ಬಡ್ಡಿಗಳು ನೆನಪಾಗುವುದು ಸಹಜ. ಆ ವ್ಯವಹಾರದಲ್ಲಿಯೇ ದಿನ ಕಳೆಯುವ ಪ್ರಕೃತ ಲೇಖಕನಿಗಂತೂ ಬೇರೆ ಅರ್ಥ ತೋರುವುದು ಕಷ್ಟ. ಆದರೆ ವೈದ್ಯಲೋಕದಲ್ಲಿ ಈ ಮಾತಿಗೆ ಇನ್ನೊಂದು ಅರ್ಥವೂ ರೂಢವಾಗಿದೆ. ಶಸ್ತ್ರಕ್ರಿಯೆಯಲ್ಲಿ ತೆಗೆದ ಗಡ್ಡೆಯ ತುಣುಕನ್ನೂ ರೋಗಿಯ ರಕ್ತವನ್ನೂ ರೋಗವೃತ್ತಾಂತದೊಡನೆ ಮುಂದಿನ ಸಂಶೋಧನೆಗಾಗಿ ಕಾಪಾಡಿಡುವ ಭಂಡಾರಕ್ಕೆ 'ಬಯೋಬ್ಯಾಂಕು' ಎಂದು ಹೆಸರು. ಹೆಸರು ಹೊಸದಾದರೂ ಪದ್ಧತಿ ಹಳೆಯದು. ಹಣದ ಬ್ಯಾಂಕಿಗೆ ಸರಿಯಾದ ಲೆಕ್ಕವೂ ಠೇವಣಿದಾರನ ವಿಶ್ವಾಸವೂ ಹೇಗೆ ಆಧಾರಗಳೋ ಈ ಭಂಡಾರಕ್ಕೂ ಹಾಗೆಯೇ ಎಂಬುದನ್ನು ಅದರ ಚರಿತ್ರೆ ತೋರಿಸಿಕೊಡುತ್ತದೆ.

೧೮೯೩ರಲ್ಲಿ ಜರ್ಮನಿಯ ಫರ್ಡಿನಾಂಡ್ ಬ್ಲೂಮ್ ಫಾರ್ಮಾಲಿನ್ ದ್ರವದಿಂದ ಅಂಗಾಂಶ ಕೆಡದಂತೆ ಉಳಿಯುವುದನ್ನು ಕಂಡುಕೊಂಡನು. ಹೀಗೆ ಸಂಸ್ಕರಿಸಿ ಮೇಣದಲ್ಲಿ ಹುದುಗಿಸಿದ ತುಣುಕುಗಳು ಆಸ್ಪತ್ರೆಗಳ ಕಪಾಟುಗಳಲ್ಲಿ ವರ್ಷಗಟ್ಟಲೆ ಉಳಿದುವು. ಅವುಗಳ ಉದ್ದೇಶ ರೋಗನಿರ್ಣಯವಷ್ಟೆ. ಮುಂದೆ ಜೀನುಗಳ ಅಧ್ಯಯನ ಬೆಳೆದಂತೆ, ಫಾರ್ಮಾಲಿನ್ ಅವುಗಳಿಗೆ ಹಾನಿಮಾಡುವುದೆಂದು ತಿಳಿದು, ತುಣುಕುಗಳನ್ನು ಶೀಘ್ರವಾಗಿ ಹೆಪ್ಪುಗಟ್ಟಿಸಿಡುವ ಕ್ರಮವೂ ಬಂದಿತು.

ರೋಗಿಯ ಅಂಗಾಂಶ ಎಂಥ ಸಂಪತ್ತಾಗಬಲ್ಲುದೆಂಬುದು ಜಗತ್ತಿಗೆ ಮನವರಿಕೆಯಾದದ್ದು ಒಂದು ಅನ್ಯಾಯದ ಮೂಲಕ. ೧೯೫೧ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕರಿಯ ಜನಾಂಗದ ಮಹಿಳೆ ಗರ್ಭಕಂಠದ ಕ್ಯಾನ್ಸರಿನಿಂದ ನರಳುತ್ತ ಬಂದಳು. ಆಕೆಯ ಗಡ್ಡೆಯ ತುಣುಕು, ಆಕೆಯ ಒಪ್ಪಿಗೆಯಿಲ್ಲದೆಯೇ, ಜಾರ್ಜ್ ಗೈ ಎಂಬ ವಿಜ್ಞಾನಿಯ ಪ್ರಯೋಗಶಾಲೆಗೆ ಹೋಯಿತು. ಅದರ ಜೀವಕೋಶಗಳು ನಿಲ್ಲದೆ ಬೆಳೆದುವು. ಆಕೆ ಅದೇ ವರ್ಷ ಅಕ್ಟೋಬರ್ ೪ರಂದು, ೩೧ನೆಯ ವಯಸ್ಸಿನಲ್ಲಿ, ತೀರಿಕೊಂಡಳು. 'ಹೀಲಾ' ಎಂಬ ಹೆಸರಿನ ಆ ಕೋಶಗಳು ಲೋಕದ ಪ್ರಯೋಗಶಾಲೆಗಳಿಗೆಲ್ಲ ಹಬ್ಬಿದರೂ ಆಕೆಯ ಮಕ್ಕಳಿಗೆ ಅದು ತಿಳಿದದ್ದು ೧೯೭೦ರ ದಶಕದಲ್ಲಿ. ಠೇವಣಿದಾರನಿಗೇ ಗೊತ್ತಿಲ್ಲದ ಠೇವಣಿ ಇದು!

ಆ ಠೇವಣಿ ತಂದ ಫಲವನ್ನೂ ಮರೆಯಲಾಗದು. ೧೯೮೩-೮೪ರಲ್ಲಿ ಜರ್ಮನಿಯ ಹೆರಾಲ್ಡ್ ತ್ಸೂರ್ ಹೌಸೆನ್ ಮತ್ತು ಅವರ ಸಹೋದ್ಯೋಗಿಗಳು ಗರ್ಭಕಂಠದ ಗಡ್ಡೆಗಳ ತುಣುಕುಗಳಲ್ಲಿ ಪ್ಯಾಪಿಲೋಮಾ ವೈರಸ್ಸಿನ ೧೬ನೆಯ ಮತ್ತು ೧೮ನೆಯ ಬಗೆಗಳನ್ನು ಗುರುತಿಸಿದರು. ಹೀಲಾ ಕೋಶಗಳಲ್ಲಿಯೂ ೧೮ನೆಯ ಬಗೆ ಅಡಗಿತ್ತು. ಈ ಶೋಧನೆಗೆ ೨೦೦೮ರಲ್ಲಿ ನೊಬೆಲ್ ಪುರಸ್ಕಾರ ದೊರೆಯಿತು. ಇದರ ಬೆಳೆಯೇ ಇಂದು ಹೆಣ್ಣುಮಕ್ಕಳಿಗೆ ಹಾಕುವ ಲಸಿಕೆ.

ಲೆಕ್ಕದ ಮಹತ್ತ್ವವನ್ನು ತಿಳಿಯಲು ಟೆಕ್ಸಾಸ್ ಪ್ರಾಂತದ ಸ್ಯಾನ್ ಆಂಟೋನಿಯೋ ನಗರಕ್ಕೆ ಹೋಗಬೇಕು. ಅಲ್ಲಿ ವಿಲಿಯಂ ಮೆಗ್ವಾಯರ್ ಎಂಬ ವೈದ್ಯರು, ಪರೀಕ್ಷೆಗೆಂದು ಬಂದ ಸ್ತನದ ಗಡ್ಡೆಗಳ ಉಳಿದ ಭಾಗವನ್ನು ಎಸೆಯದೆ ಹೆಪ್ಪುಗಟ್ಟಿಸಿ ಸಂಗ್ರಹಿಸಿದರು. ಲಾಸ್ ಏಂಜಲೀಸಿನ ಡೆನಿಸ್ ಸ್ಲೇಮನ್ ಅವರೊಡನೆ ಸೇರಿ ೧೮೯ ಗಡ್ಡೆಗಳನ್ನು ಪರೀಕ್ಷಿಸಿ ೧೯೮೭ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಶೇಕಡಾ ೩೦ರಷ್ಟು ಗಡ್ಡೆಗಳಲ್ಲಿ 'ಹರ್-೨' ಎಂಬ ಜೀನಿನ ಪ್ರತಿಗಳು ಮಿತಿಮೀರಿದ್ದುವು. ಇಷ್ಟನ್ನು ಗಡ್ಡೆಯೇ ಹೇಳಿತು. ಆದರೆ ಪ್ರತಿಗಳು ಹೆಚ್ಚಿದ್ದವರಲ್ಲಿ ರೋಗ ಬೇಗ ಮರುಕಳಿಸಿತು, ಆಯುಸ್ಸು ಕುಗ್ಗಿತು ಎಂಬುದನ್ನು ಹೇಳಿದ್ದು ರೋಗಿಗಳ ಮುಂದಿನ ವೃತ್ತಾಂತವನ್ನು ಬರೆದಿಟ್ಟ ಖಾತೆ. ಆ ಜೀನಿಗೆ ಎದುರಾದ ಟ್ರಾಸ್ಟುಜುಮಾಬ್ ಔಷಧಕ್ಕೆ ಅಮೆರಿಕದಲ್ಲಿ ೧೯೯೮ರಲ್ಲಿ ಮಾನ್ಯತೆ ದೊರೆಯಿತು. ಖಾತೆಯಿಲ್ಲದ ತುಣುಕು ಹೆಸರಿಲ್ಲದ ಹಣದಂತೆ. ಇದ್ದೂ ಯಾರ ಉಪಯೋಗಕ್ಕೂ ಬಾರದು.

ಅನ್ಯದೇಶದ ಭಂಡಾರಗಳು ನಮ್ಮ ರೋಗಗಳಿಗೆಲ್ಲ ಉತ್ತರ ಕೊಡಲಾರವು. ತಂಬಾಕು ಅಗಿಯುವ ರೂಢಿಯಿಂದ ಬರುವ ಕೆನ್ನೆ ಮತ್ತು ವಸಡಿನ ಕ್ಯಾನ್ಸರು ನಮ್ಮಲ್ಲಿ ಬಹಳ. ೧೯೪೧ರಲ್ಲಿ ಮುಂಬಯಿಯ ಪರೇಲಿನಲ್ಲಿ ಸ್ಥಾಪಿತವಾದ ಟಾಟಾ ಸ್ಮಾರಕ ಆಸ್ಪತ್ರೆಯ ಪ್ರಯೋಗಶಾಲೆಗಳನ್ನು ಕಟ್ಟಿದ ವಿ. ಆರ್. ಖಾನೋಲ್ಕರರು ಇಂಥ ರೋಗಗಳನ್ನು ಜನರ ಆಚಾರವ್ಯವಹಾರಗಳೊಡನೆ ಹೊಂದಿಸಿ ನೋಡಿದವರು. ಆ ಆಸ್ಪತ್ರೆಯಲ್ಲಿ ಇಂದು ಅರ್ಬುದ ಅಂಗಾಂಶಗಳ ಭಂಡಾರವೂ ಇದೆ. ಟಾಟಾ ಸ್ಮಾರಕ ಕೇಂದ್ರದ ವಿಜ್ಞಾನಿಗಳು ಬಂಗಾಳದ ಕಲ್ಯಾಣಿಯಲ್ಲಿರುವ ರಾಷ್ಟ್ರೀಯ ಸಂಸ್ಥೆಯೊಡನೆ ಸೇರಿ, ೧೧೦ ರೋಗಿಗಳ ಬಾಯಿಯ ಗಡ್ಡೆಗಳನ್ನು ಪರಿಶೀಲಿಸಿ, ಈ ಬಗೆಯ ಕ್ಯಾನ್ಸರಿನಲ್ಲಿ ವಿಶೇಷವಾಗಿ ವಿಕಾರಗೊಳ್ಳುವ ಐದು ಜೀನುಗಳನ್ನು ೨೦೧೩ರಲ್ಲಿ ಗುರುತಿಸಿದರು.

ಇನ್ನುಳಿದದ್ದು ವಿಶ್ವಾಸದ ಮಾತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ೨೦೧೭ರ ನೀತಿಸೂತ್ರಗಳಲ್ಲಿ ಅಂಗಾಂಶದ ಒಡೆತನ ಅದನ್ನು ಕೊಟ್ಟವರದು, ಸಂಸ್ಥೆ ಕೇವಲ ಪಾಲಕ ಎಂದು ಹೇಳಿದೆ. ಒಪ್ಪಿಗೆಯನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿ ಪಡೆಯಬೇಕೆಂದೂ ವಿಧಿಸಿದೆ. ಕರ್ನಾಟಕದಿಂದ ಚಿಕಿತ್ಸೆಗಾಗಿ ಮುಂಬಯಿಗೆ ಬರುವವರೂ ಉಂಟು. ಶಸ್ತ್ರಕ್ರಿಯೆಯ ಹಿಂದಿನ ದಿನ, ಭಯಗೊಂಡ ಒಬ್ಬ ತಾಯಿ ತನಗೆ ಓದಲು ಬಾರದ ಭಾಷೆಯ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದರೆ ವಿಧಿ ಪೂರೈಸೀತು, ಒಪ್ಪಿಗೆಯಾಗದು. ನಮ್ಮ ಬ್ಯಾಂಕುಗಳಲ್ಲಿಯಾದರೂ ಸಹಿ ಹಾಕುವವನಿಗೆ ವಿಷಯ ತಿಳಿಸದೆ ಖಾತೆ ತೆರೆಯುವುದು ತಪ್ಪೆನಿಸುತ್ತದೆ. ದೇಹದ ಅಂಶವನ್ನೇ ಕೊಡುವವರಿಗೆ ಅದಕ್ಕಿಂತ ಕಡಿಮೆ ಮರ್ಯಾದೆ ಸಲ್ಲಬಾರದು.

ಹೊರನಾಡಿನ ಕನ್ನಡ ಸಂಘಗಳು ಇಲ್ಲಿ ಕೈಗೊಳ್ಳಬಹುದಾದ ಕೆಲಸವೊಂದಿದೆ. ಇಂಥ ಒಪ್ಪಿಗೆಪತ್ರದ ವಿಷಯವನ್ನು ತಿಳಿಗನ್ನಡದಲ್ಲಿ ಸಿದ್ಧಪಡಿಸುವುದು, ರೋಗಿಯ ಬಳಿ ಕುಳಿತು ಅದನ್ನು ಓದಿ ಹೇಳುವುದು, 'ಬೇಡ' ಎನ್ನಲೂ ಆತನಿಗೆ ಹಕ್ಕುಂಟೆಂದು ತಿಳಿಸುವುದು. ಹೆನ್ರಿಯೆಟಾ ಲ್ಯಾಕ್ಸಳಿಗೆ ಯಾರೂ ಆಡದ ಆ ನಾಲ್ಕು ಮಾತುಗಳನ್ನು ನಮ್ಮವರಿಗೆ ನಾವು ಆಡಬಹುದಲ್ಲವೆ?