ಎರ್ರಮಲ ಬೆಟ್ಟಗಳ ಸುಣ್ಣಕಲ್ಲು ಗವಿಗಳು ಮತ್ತು ಕಲ್ಲಾಸರೆಗಳು: ಸಂದರ್ಶಕರಿಗೆ ಮಾಹಿತಿ

ಆಂಧ್ರಪ್ರದೇಶದ ಕರ್ನೂಲು ಹಾಗೂ ನಂದ್ಯಾಲ ಜಿಲ್ಲೆಗಳಲ್ಲಿ ಹಬ್ಬಿರುವ ಎರ್ರಮಲ ಬೆಟ್ಟಗಳಲ್ಲಿ ಸುಣ್ಣಕಲ್ಲಿನ ಅನೇಕ ಚಿಕ್ಕ ಗವಿಗಳೂ ಕಲ್ಲಾಸರೆಗಳೂ ಇವೆ. ಬಳ್ಳಾರಿ ಮೊದಲಾದ ಗಡಿ ಜಿಲ್ಲೆಗಳಿಂದ ಯಾಗಂಟಿ ಕ್ಷೇತ್ರಕ್ಕೂ ಬೆಲುಂ ಗುಹೆಗೂ ತೆರಳುವವರು ಇವುಗಳನ್ನು ನೋಡಬಯಸುವುದುಂಟು. ಅಂತಹವರ ಅವಗಾಹನೆಗಾಗಿ ಈ ವಿವರಗಳನ್ನು ನೀಡಲಾಗಿದೆ.

ಮಳೆಯ ನೀರು ಗಾಳಿ ಮತ್ತು ಮಣ್ಣಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿ ದುರ್ಬಲ ಆಮ್ಲವಾಗುತ್ತದೆ. ಅದು ಬಿರುಕುಗಳಲ್ಲಿ ಇಳಿದು ಸುಣ್ಣಕಲ್ಲನ್ನು ಕರಗಿಸುವುದರಿಂದ ಗವಿಗಳು ಉಂಟಾಗುತ್ತವೆ. ಮನೆಗಳ ನೆಲಹಾಸಿಗೆ ಬಳಸುವ ಬೇತಂಚೆರ್ಲ ಕಲ್ಲು ಇದೇ ಸೀಮೆಯದು. ಬೆಲುಂ ಗುಹೆಯ ಉದ್ದ 3,229 ಮೀಟರ್. ಅದರ ಒಂದು ಭಾಗ ಮಾತ್ರ ಪ್ರವಾಸಿಗರಿಗೆ ತೆರೆದಿದ್ದು, ಅಲ್ಲಿ ದೀಪ ಮತ್ತು ನಡಿಗೆದಾರಿಯ ವ್ಯವಸ್ಥೆ ಇದೆ. ಚಿಕ್ಕ ಗವಿಗಳಲ್ಲಿ ಅಂತಹ ವ್ಯವಸ್ಥೆಯನ್ನು ನಿರೀಕ್ಷಿಸುವಂತಿಲ್ಲ.

ಗವಿಯ ಮಹತ್ವವನ್ನು ಅದರ ಉದ್ದದಿಂದ ಅಳೆಯುವುದು ಸರಿಯಲ್ಲ. ಬೇತಂಚೆರ್ಲ ಸಮೀಪದ ಬಿಲ್ಲಸುರ್ಗಂ ಗವಿಗಳು ಇದಕ್ಕೆ ನಿದರ್ಶನ. ಇವುಗಳನ್ನು ನ್ಯೂಬೋಲ್ಡ್ ಎಂಬ ಅಧಿಕಾರಿ 1844ರಲ್ಲಿ ವರ್ಣಿಸಿದ್ದನು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹಾಗೂ ಆತನ ಮಗ ಹೆನ್ರಿ 1884-85ರಲ್ಲಿ ಇಲ್ಲಿ ಉತ್ಖನನ ನಡೆಸಿ ಪ್ರಾಣಿಗಳ ಎಲುಬುಗಳನ್ನು ಅಪಾರವಾಗಿ ಹೊರತೆಗೆದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪುರಾತತ್ವಜ್ಞ ರವಿ ಕೋರಿಶೆಟ್ಟರ್ ಅವರನ್ನೊಳಗೊಂಡ ತಂಡವು ಉಳಿದಿದ್ದ ಪದರಗಳನ್ನು ಪುನಃ ಪರಿಶೀಲಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿತು. ಅದರಂತೆ, ಸುಮಾರು ಎರಡು ಲಕ್ಷ ವರ್ಷಗಳ ಈ ದಾಖಲೆಯಲ್ಲಿ ಗುರುತಿಸಲಾದ 21 ಬಗೆಯ ಸ್ತನಿಗಳ ಪೈಕಿ 20 ಬಗೆಗಳು ಭಾರತ ಉಪಖಂಡದಲ್ಲಿ ಉಳಿದುಬಂದಿವೆ. ಮೊದಲು ಅಗೆದವರು ಎಲ್ಲ ಮಣ್ಣನ್ನೂ ತೆಗೆದುಬಿಟ್ಟಿದ್ದರೆ ಈ ಸಂಗತಿ ತಿಳಿಯುತ್ತಿರಲಿಲ್ಲ.

ಕನ್ನಡದ ‘ಗವಿ’ ಎಂಬ ಪದವೇ ಅಲ್ಲಿಯೂ ಬಳಕೆಯಲ್ಲಿದೆ. ಮುಚ್ಚಟ್ಲ ಚಿಂತಮಾನು ಗವಿಯಲ್ಲಿ 1970ರ ದಶಕದಲ್ಲಿ ಎಲುಬಿನ ಉಪಕರಣಗಳೂ, ಸುಮಾರು 17,000 ವರ್ಷಗಳ ಹಿಂದೆ ಉರಿದ ಒಲೆಯ ಸುಟ್ಟ ಮಣ್ಣೂ ದೊರೆತವು. ಜ್ವಾಲಾಪುರದ ಕಲ್ಲಾಸರೆಯೊಂದರಲ್ಲಿ ಸುಮಾರು 35,000 ವರ್ಷಗಳಷ್ಟು ಹಳೆಯ ಸೂಕ್ಷ್ಮ ಶಿಲಾ ಉಪಕರಣಗಳು ಕಂಡುಬಂದಿವೆ. ಅದೇ ಕಣಿವೆಯ ಬಯಲಿನಲ್ಲಿ, ಸುಮಾತ್ರಾ ದ್ವೀಪದ ಟೋಬಾ ಜ್ವಾಲಾಮುಖಿಯು ಸುಮಾರು 74,000 ವರ್ಷಗಳ ಹಿಂದೆ ಉಗುಳಿದ ಬೂದಿಯ ಪದರವಿದೆ.

ಆದುದರಿಂದ ಸಂದರ್ಶಕರು ಗವಿಯ ನೆಲವನ್ನು ಕೆದಕಬಾರದು. ಎಲುಬಿನ ಚೂರು ಅಥವಾ ಕಲ್ಲಿನ ಚಕ್ಕೆಯನ್ನು ಅದು ಇದ್ದ ಪದರದಿಂದ ಬೇರ್ಪಡಿಸಿದರೆ ಅದರ ಕಾಲವನ್ನು ನಿರ್ಣಯಿಸುವುದು ದುಸ್ತರವಾಗುತ್ತದೆ. ಒಳಗೆ ಒಲೆ ಹೂಡಿದರೆ ಹೊಸ ಇದ್ದಿಲು ಹಳೆಯದರೊಡನೆ ಬೆರೆಯುತ್ತದೆಯಲ್ಲದೆ ಬಾವಲಿಗಳಿಗೂ ಹಾನಿಯಾಗುತ್ತದೆ. ನಿಧಿಯ ಆಸೆಯಿಂದ ಅಗೆಯುವವರಿಗೆ ಎಲುಬು ಕಸವಾಗಿ ಕಾಣಬಹುದು. ಆದರೆ ಅಲ್ಲಿ ನಿಜವಾದ ಸ್ವತ್ತು ಅದೇ ಆಗಿದೆ.

ಸಂರಕ್ಷಿತವೆಂದು ಘೋಷಿಸಲ್ಪಡದ ಗವಿಯನ್ನು ಯಾರು ಬೇಕಾದರೂ ಅಗೆಯಬಹುದೆಂಬ ಭಾವನೆ ತಪ್ಪು. 1958ರ ಪ್ರಾಚೀನ ಸ್ಮಾರಕಗಳು ಮತ್ತು ಪುರಾತತ್ವ ಸ್ಥಳಗಳು ಹಾಗೂ ಅವಶೇಷಗಳ ಅಧಿನಿಯಮದ 24ನೇ ಪ್ರಕರಣದ ಮೇರೆಗೆ, ಅಂತಹ ಸ್ಥಳದಲ್ಲಿ ಪುರಾತತ್ವ ಉತ್ಖನನ ಕೈಗೊಳ್ಳಲು ಅಥವಾ ಅನ್ಯರಿಗೆ ಅಧಿಕಾರ ನೀಡಲು ರಾಜ್ಯ ಸರ್ಕಾರಕ್ಕೂ ಕೇಂದ್ರ ಸರ್ಕಾರದ ಪೂರ್ವಾನುಮೋದನೆ ಅಗತ್ಯ. 1878ರ ನಿಧಿ ನಿಕ್ಷೇಪ ಅಧಿನಿಯಮದನ್ವಯ, ಮಣ್ಣಿನಲ್ಲಿ ಹುದುಗಿದ್ದ ಹತ್ತು ರೂಪಾಯಿಗಿಂತ ಹೆಚ್ಚು ಮೌಲ್ಯದ ನಿಧಿ ದೊರೆತಲ್ಲಿ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸತಕ್ಕದ್ದು. ಮೊತ್ತ ಚಿಕ್ಕದೆನಿಸಿದರೂ ನಿಯಮ ಸಡಿಲವಲ್ಲ.

ಗವಿಯು ಅರಣ್ಯ ಪ್ರದೇಶದಲ್ಲಿದ್ದಲ್ಲಿ ಆ ರಾಜ್ಯದ ಅರಣ್ಯ ಇಲಾಖೆಯನ್ನೂ, ಸಂರಕ್ಷಿತ ಸ್ಥಳವಾಗಿದ್ದಲ್ಲಿ ಸಂಬಂಧಪಟ್ಟ ಪುರಾತತ್ವ ಪ್ರಾಧಿಕಾರವನ್ನೂ ಮುಂಚಿತವಾಗಿ ಸಂಪರ್ಕಿಸಬೇಕು. ಅರ್ಜಿಯಲ್ಲಿ ಗವಿಯ ಹೆಸರು, ಗ್ರಾಮ, ಭೇಟಿಯ ಉದ್ದೇಶ, ದಿನಾಂಕ ಹಾಗೂ ತಂಡದ ಸದಸ್ಯರ ವಿವರಗಳನ್ನು ಸ್ಪಷ್ಟವಾಗಿ ನಮೂದಿಸುವುದು ಸೂಕ್ತ. ಕೇವಲ ‘ಗವಿ ವೀಕ್ಷಣೆ’ ಎಂದು ಬರೆದರೆ ಮರುಪತ್ರ ವ್ಯವಹಾರಕ್ಕೆ ಕಾಲ ವ್ಯರ್ಥವಾಗಬಹುದು. ಮಳೆಗಾಲದಲ್ಲಿ ಒಳಗೆ ಹಠಾತ್ತನೆ ನೀರು ನುಗ್ಗುವ ಸಂಭವವಿರುವುದರಿಂದ ಪ್ರವೇಶಿಸಬಾರದು. ಒಬ್ಬರೇ ಒಳಹೋಗದೆ, ಹೊರಗೆ ಒಬ್ಬರನ್ನು ನಿಲ್ಲಿಸಿ, ಪ್ರತಿಯೊಬ್ಬರೂ ಒಂದಕ್ಕಿಂತ ಹೆಚ್ಚು ಟಾರ್ಚುಗಳನ್ನು ಇಟ್ಟುಕೊಳ್ಳತಕ್ಕದ್ದು.

ಎಲುಬು ಅಥವಾ ಉಪಕರಣವೇನಾದರೂ ಕಣ್ಣಿಗೆ ಬಿದ್ದಲ್ಲಿ ಅದನ್ನು ಇದ್ದಲ್ಲಿಯೇ ಬಿಟ್ಟು, ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು ಛಾಯಾಚಿತ್ರ ತೆಗೆದು, ಸ್ಥಳದ ವಿವರದೊಂದಿಗೆ ಪುರಾತತ್ವ ಇಲಾಖೆಗೆ ಕಳುಹಿಸಬಹುದಾಗಿದೆ.